ತಪಾಸಣೆ ಸೊಸೆಯೊಬ್ಬಳಿಗೇ ಏಕೆ?

ಮಾನ್ಯ ಸಂಪಾದಕರೇ,

ಮದುವೆಯಾಗಿ ಕೆಲಕಾಲ ಕಳೆದರೂ ಮಗುವಾಗದಿದ್ದರೆ, ಊರಿನ ನಾಗದೇವರಿಗೆ ಹರಕೆ ಹೊರುವುದರಲ್ಲೂ ಸೊಸೆಯನ್ನು ಡಾಕ್ಟರರ ಬಳಿ ಅಟ್ಟುವುದರಲ್ಲೂ ಮುಂಬಯಿಯ ನಮ್ಮ ಕನ್ನಡಿಗರ ಮನೆಗಳು ತೋರುವ ಆತುರ, ಮಗನ ತಪಾಸಣೆಯ ಮಾತು ಬಂದಾಗ ಕಾಣುವುದಿಲ್ಲ. ಹರಕೆಗೆ ನನ್ನ ಆಕ್ಷೇಪವೇನೂ ಇಲ್ಲ. ಆದರೆ ಹೆಂಡತಿಗೆ 35 ತುಂಬದಿದ್ದರೆ ಒಂದು ವರ್ಷದ, ದಾಟಿದ್ದರೆ 6 ತಿಂಗಳ ಪ್ರಯತ್ನದ ಬಳಿಕ ಇಬ್ಬರೂ ತಜ್ಞರನ್ನು ಕಾಣಬೇಕೆಂಬುದು ವೈದ್ಯರು ಒಪ್ಪಿದ ಕ್ರಮ. ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ ಅಷ್ಟೂ ಕಾಯಬಾರದು.

ವೀರ್ಯ ಪರೀಕ್ಷೆಗೆ 2ರಿಂದ 7 ದಿನಗಳ ಸಂಯಮವಷ್ಟೇ ಬೇಕು, ಸೂಜಿಯಿಲ್ಲ, ನೋವಿಲ್ಲ. ಗರ್ಭನಾಳದ ಎಕ್ಸ್‌ರೇ ಮಾಡಿಸಿಕೊಂಡ ಹೆಂಗಸರನ್ನು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ನಮ್ಮ ಕಟ್ಟಡದ ಸೊಸೆಯೊಬ್ಬಳು ದಪ್ಪನೆಯ ಫೈಲು ಎದೆಗವಚಿಕೊಂಡು ಲೋಕಲ್ ರೈಲಿನಲ್ಲಿ ಒಬ್ಬಳೇ ದಾದರಿಗೆ ಓಡಾಡುತ್ತಿದ್ದಳು. ಆ ಫೈಲಿನಲ್ಲಿ ಗಂಡನ ಹೆಸರಿನ ಒಂದು ರಿಪೋರ್ಟೂ ಇರಲಿಲ್ಲ.

ದೇಹದ ಹೊರಗೆ ಭ್ರೂಣ ರೂಪಿಸಿ ಗರ್ಭಕ್ಕೆ ಸೇರಿಸುವ ಐವಿಎಫ್‌ಗೆ ಹಣ ಕಟ್ಟುವ ಮುನ್ನ, ಇಂಥ ಚಿಕಿತ್ಸೆಗಳನ್ನು ನಿಯಂತ್ರಿಸುವ 2021ರ ಕಾಯಿದೆಯಡಿ ಕ್ಲಿನಿಕ್ಕಿಗೆ ನೋಂದಣಿಯಾಗಿದೆಯೇ ಎಂದು ಕೇಳಬೇಕು. ಈ ಚಿಕಿತ್ಸೆಗೆ ಹೆಂಗಸರಿಗೆ 50, ಗಂಡಸರಿಗೆ 55ರ ವಯೋಮಿತಿಯೂ ಇದೆ.

ಕಣ್ಣು, ಸಕ್ಕರೆ ಕಾಯಿಲೆಗಳಿಗೆ ಶಿಬಿರ ನಡೆಸುವ ಇಲ್ಲಿನ ಕನ್ನಡ ಸಂಘಗಳು ಈ ವಿಷಯದ ತಜ್ಞರನ್ನೂ ಕರೆಸಿ, ದಂಪತಿಗಳನ್ನು ಜೊತೆಯಾಗಿಯೇ ಆಹ್ವಾನಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗಿ, ಡೊಂಬಿವಲಿ