ಶನಿವಾರ ಸ್ಮಾರಕಕ್ಕೆ ಹೋಗೋಣ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಬೆಳಿಗ್ಗೆ 11ಕ್ಕೆ ಆಮ್‌ಸ್ಟರ್‌ಡಾಮಿನ ಹೋಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿಗಳ ಹತ್ಯಾಕಾಂಡ) ಹೆಸರುಗಳ ಸ್ಮಾರಕದ ಹತ್ತಿರ ಸೇರೋಣ. ಅಲ್ಲಿ ಒಂದೊಂದು ಇಟ್ಟಿಗೆಯ ಮೇಲೂ ಒಂದು ಹೆಸರು, ಹುಟ್ಟಿದ ದಿನ, ಸತ್ತಾಗಿನ ವಯಸ್ಸು. 1,02,000ಕ್ಕೂ ಜಾಸ್ತಿ ಹೆಸರುಗಳಿವೆ. ದೊಡ್ಡ ಮಕ್ಕಳನ್ನೂ ಕರೆತನ್ನಿ.

ನಾವು ದಿನಾ ಹತ್ತುವ ಎನ್‌ಎಸ್ (ಡಚ್ ರೈಲು ಕಂಪನಿ) ರೈಲು ಇದೆಯಲ್ಲ, ಅದೇ ಕಂಪನಿ 1942ರಿಂದ ಯಹೂದಿಗಳನ್ನು ನಾಜಿಗಳು ಅವರನ್ನು ಕೂಡಿಹಾಕುತ್ತಿದ್ದ ವೆಸ್ಟರ್‌ಬೋರ್ಕ್ ಶಿಬಿರಕ್ಕೆ, ಅಲ್ಲಿಂದ ಜರ್ಮನಿಯ ಗಡಿಯತ್ತ ಸಾಗಿಸಿತು. ಅದಕ್ಕೆ ದುಡ್ಡೂ ತೆಗೆದುಕೊಂಡಿತು! ಕ್ಷಮೆ ಕೇಳಿದ್ದು 2005ರಲ್ಲಿ. ಪರಿಹಾರಕ್ಕೆ ಒಪ್ಪಿದ್ದು 2018ರಲ್ಲಿ, ಅದೂ ಅಯಾಕ್ಸ್ ಫುಟ್‌ಬಾಲ್ ತಂಡದ ಹಳೆಯ ಫಿಸಿಯೊ ಸಾಲೊ ಮುಲ್ಲರ್ ಬೆನ್ನುಬಿದ್ದ ಮೇಲೆ. ಅವರ ಅಪ್ಪ ಅಮ್ಮನನ್ನು ಕೊಂದದ್ದು ಆಶ್ವಿಟ್ಸ್ ಎಂಬ ನಾಜಿ ಶಿಬಿರದಲ್ಲಿ. ತೀರಾ ತಡವಾಯಿತು, ಅಲ್ವಾ?

ಇನ್ನೊಂದು ಮಾತು: ಹಿಟ್ಲರ್ ಜೋಕು, ಮೀಮುಗಳನ್ನು ಈ ಗುಂಪಿನಲ್ಲಿ ಹಾಕಬೇಡಿ. ಬರುವವರು ಶುಕ್ರವಾರ ರಾತ್ರಿಯೊಳಗೆ ತಿಳಿಸಿ.