ಸಣ್ಣ ತಳಿಯ ನಾಯಿಗೆಂದು ಮಾರಿದ ಗಟ್ಟಿ ಚ್ಯೂನಿಂದ ಹಲ್ಲು ಸೀಳಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ಇವರಿಂದ,
ತಮ್ಮ ಉತ್ಪನ್ನದ ಗ್ರಾಹಕಿ, ಕುವೆಂಪುನಗರ, ಮೈಸೂರು

ವಿಷಯ: ತಮ್ಮ ಕಂಪನಿಯ ಹಾಲಿನ ಚ್ಯೂ (ನಾಯಿ ಕಡಿಯಲೆಂದು ಕೊಡುವ ಗಟ್ಟಿ ತಿನಿಸು) ಪ್ಯಾಕೆಟ್ಟಿನ ಮೇಲಿರುವ ದಂತಾರೋಗ್ಯದ ಭರವಸೆ, ಅದರಲ್ಲಿ ಇಲ್ಲದ ಎಚ್ಚರಿಕೆ ಮತ್ತು ಚಿಕಿತ್ಸಾ ವೆಚ್ಚದ ಮರುಪಾವತಿ ಕುರಿತು.

ಮಾನ್ಯರೇ,

ಯಾಕ್ ಮತ್ತು ಹಸುವಿನ ಹಾಲನ್ನು ಒಡೆಸಿ, ಒತ್ತಿ, ಒಣಗಿಸಿ ತಯಾರಿಸುವ ತಮ್ಮ ಕಂಪನಿಯ ಚ್ಯೂ ತುಂಡುಗಳನ್ನು ನಮ್ಮ ಬಡಾವಣೆಯ ಸಾಕುಪ್ರಾಣಿ ಸಾಮಗ್ರಿ ಅಂಗಡಿಯೊಂದರಲ್ಲಿ ನಮ್ಮ ಮನೆಯ ಪೊಮೇರಿಯನ್ ನಾಯಿ ಮುದ್ದಿಗಾಗಿ ಕೊಂಡಿದ್ದೆವು. ಪ್ಯಾಕೆಟ್ಟಿನ ಮುಂಭಾಗದಲ್ಲಿ ಮೂರು ಮಾತುಗಳು ದಪ್ಪಕ್ಷರದಲ್ಲಿವೆ: ಎಲ್ಲ ತಳಿಗೂ ಎಲ್ಲ ವಯಸ್ಸಿಗೂ ಸೂಕ್ತ, ಹಲ್ಲಿನ ಪಾಚಿ ತೆಗೆಯುತ್ತದೆ, ಗಂಟೆಗಟ್ಟಲೆ ಬಾಳಿಕೆ ಬರುತ್ತದೆ. ಈ ಚ್ಯೂ ಕಡಿಯುತ್ತಿರುವಾಗಲೇ ಮುದ್ದಿಯ ಬಲ ಮೇಲ್ದವಡೆಯ ದೊಡ್ಡ ಹಲ್ಲು ಸೀಳಿ ಅದರ ಹೊರಗೋಡೆ ಕಳಚಿ ಬಿದ್ದಿದೆ. ಒಳಗಿನ ನರ ತೆರೆದುಕೊಂಡಿದ್ದರಿಂದ ಅರಿವಳಿಕೆ ಕೊಟ್ಟು ಹಲ್ಲನ್ನೇ ಕೀಳಿಸಬೇಕಾಯಿತು. ಖರೀದಿಯ ರಸೀದಿ, ಎಕ್ಸ್-ರೇ ಪ್ರತಿ, ಪಶುವೈದ್ಯರ ವರದಿ ಮತ್ತು ಚಿಕಿತ್ಸೆಯ ಬಿಲ್ಲುಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ನಮ್ಮ ಮನೆಯಲ್ಲಿ ನಾಯಿಗೆ ಮೂಳೆ ಹಾಕುವುದಿಲ್ಲ. ಬೆಂದ ಮೂಳೆ ಚೂಪಾಗಿ ಸಿಗಿದು ಗಂಟಲಿಗೋ ಕರುಳಿಗೋ ಚುಚ್ಚುತ್ತದೆ ಎಂಬುದು ತಿಳಿದ ವಿಷಯ. ಭಾನುವಾರ ಬನ್ನೂರು ಕುರಿಯ ಸಾರು ಮಾಡಿದಾಗ ಹಿರಿಯರು ಎಷ್ಟೇ ಒತ್ತಾಯಿಸಿದರೂ ಈ ನಿಯಮವನ್ನು ನಾವು ಸಡಿಲಿಸಿಲ್ಲ. ಹಸಿ ಚರ್ಮವನ್ನು ಸಂಸ್ಕರಿಸಿ ಮಾಡುವ ರಾಹೈಡ್ ಕಡ್ಡಿಗಳೂ ನೆನೆದು ಉಬ್ಬಿ ಹೊಟ್ಟೆಯಲ್ಲಿ ಅಡ್ಡಿಯಾಗಬಹುದೆಂದು ದೂರವಿಟ್ಟಿದ್ದೆವು. ಹೀಗೆ ಒಂದೊಂದನ್ನೇ ಬದಿಗಿಟ್ಟು ಬಂದ ಗ್ರಾಹಕರು ಕೊನೆಗೆ ನಂಬುವುದು ಪ್ಯಾಕೆಟ್ಟಿನ ಮೇಲಿನ ಮಾತನ್ನೇ. ಆದ್ದರಿಂದ ಅಲ್ಲಿ ಏನು ಅಚ್ಚಾಗಿದೆ, ಏನು ಅಚ್ಚಾಗಿಲ್ಲ ಎಂಬುದೇ ಈ ದೂರಿನ ಮುಖ್ಯ ವಿಷಯ.

ಸಣ್ಣ ತಳಿಗಳಿಗೆ ಹಲ್ಲಿನ ಆರೈಕೆ ಹೆಚ್ಚು ಬೇಕು ಎಂಬುದರಲ್ಲಿ ತಮಗೂ ನಮಗೂ ಭಿನ್ನಾಭಿಪ್ರಾಯವಿಲ್ಲ. ಗ್ರೇಟ್ ಡೇನ್ ನಾಯಿಗೂ ಪೊಮೇರಿಯನ್‌ಗೂ ಇರಬೇಕಾದ ಶಾಶ್ವತ ಹಲ್ಲುಗಳು 42ಯೇ. ಅಷ್ಟೂ ಹಲ್ಲುಗಳು ಪುಟ್ಟ ದವಡೆಯಲ್ಲಿ ಒತ್ತೊತ್ತಾಗಿ ಕೂರುವುದರಿಂದ ಸಂದುಗಳಲ್ಲಿ ಪಾಚಿ ನಿಲ್ಲುತ್ತದೆ, ಅದು ಕೆಲವೇ ದಿನಗಳಲ್ಲಿ ಲಾಲಾರಸದ ಖನಿಜ ಸೇರಿ ಟಾರ್ಟರ್ ಆಗಿ ಗಟ್ಟಿಗೊಳ್ಳುತ್ತದೆ, ಆಮೇಲೆ ವಸಡು ಊದಿ ಹಲ್ಲು ಸಡಿಲವಾಗುತ್ತದೆ. ನಿತ್ಯ ಬ್ರಷ್ ಮಾಡುವುದೇ ಇದಕ್ಕೆ ಉತ್ತಮ ಉಪಾಯ. ಚ್ಯೂ ಏನಿದ್ದರೂ ಅದರ ಜೊತೆಗಾರ. ವಸಡಿನ ಕೆಳಗೆ ಸೇರಿದ ಟಾರ್ಟರನ್ನು ಯಾವ ಚ್ಯೂ ಕೂಡ ತೆಗೆಯಲಾರದು. ಪ್ಯಾಕೆಟ್ಟಿನಲ್ಲಿ ಈ ಮಿತಿಯ ಪ್ರಸ್ತಾಪವೇ ಇಲ್ಲ.

ಇದಕ್ಕಿಂತ ದೊಡ್ಡ ಆಕ್ಷೇಪಣೆ ಬೇರೆಯಿದೆ. ಚ್ಯೂ ಹಲ್ಲನ್ನು ಶುಚಿ ಮಾಡುವುದು ಹಲ್ಲು ಅದರೊಳಗೆ ಇಳಿದಾಗ. ಸ್ವಲ್ಪ ಬಾಗುವ, ಸ್ವಲ್ಪ ಕುಗ್ಗುವ ಪದಾರ್ಥದೊಳಕ್ಕೆ ಹಲ್ಲು ನಾಟಿ ಹೊರಬರುವಾಗ ಅದರ ಬದಿಗಳು ವಸಡಿನ ಅಂಚಿನವರೆಗೆ ಉಜ್ಜಿಕೊಳ್ಳುತ್ತವೆ. ಕೆಲವು ಚ್ಯೂಗಳಲ್ಲಿ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಸೇರಿಸುತ್ತಾರೆ. ಅದು ಲಾಲಾರಸದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಟಾರ್ಟರ್ ಕಟ್ಟುವುದನ್ನು ತಗ್ಗಿಸುತ್ತದೆ. ತಮ್ಮ ಚ್ಯೂನ ಪದಾರ್ಥಪಟ್ಟಿಯಲ್ಲಿ ಇರುವುದು ಹಾಲು, ಉಪ್ಪು, ನಿಂಬೆರಸ ಮಾತ್ರ. ಇನ್ನು ಗಡಸುತನದ ಮಾತು: ನಮ್ಮಲ್ಲಿ ಉಳಿದಿರುವ ತುಂಡು ಬೆಣಚುಕಲ್ಲಿನಂತಿದೆ. ಹಲ್ಲು ಇಳಿಯದ ವಸ್ತು ಹಲ್ಲಿನ ತುದಿಯನ್ನಷ್ಟೇ ಮುಟ್ಟೀತು. ಪಾಚಿ ಕೂರುವ ಜಾಗ ಅದಲ್ಲ. ಗಂಟೆಗಟ್ಟಲೆ ಬಾಳಿಕೆ ಎಂದು ತಾವು ಹೆಮ್ಮೆಯಿಂದ ಹೇಳಿಕೊಂಡಿರುವ ಗುಣವೇ ಹಲ್ಲು ಶುಚಿಮಾಡುವ ಗುಣಕ್ಕೆ ವಿರುದ್ಧವಾಗಿದೆ.

ಮುರಿಯುವುದಂತೂ ಅನಿರೀಕ್ಷಿತವೇನಲ್ಲ. ಮೇಲ್ದವಡೆಯ ನಾಲ್ಕನೆಯ ಮುಂದವಡೆ ಹಲ್ಲು ಮತ್ತು ಕೆಳದವಡೆಯ ಮೊದಲ ದವಡೆ ಹಲ್ಲು ಕತ್ತರಿಯ ಅಲಗುಗಳ ಹಾಗೆ ಒಂದರ ಪಕ್ಕ ಒಂದು ಸರಿಯುತ್ತವೆ, ಮತ್ತು ನಾಯಿ ಗಟ್ಟಿ ವಸ್ತುವನ್ನು ಒಯ್ಯುವುದು ಇವೆರಡರ ನಡುವಿಗೇ. ನಾಯಿಯ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ 1 ಮಿಲಿಮೀಟರ್‌ಗಿಂತ ತೆಳು. ಮನುಷ್ಯರ ದವಡೆ ಹಲ್ಲಿನಲ್ಲಿ ಅದು 2 ಮಿಲಿಮೀಟರ್ ದಾಟುತ್ತದೆ. ಜಿಂಕೆಯ ಕೊಂಬು, ದನದ ಗೊರಸು, ಗಟ್ಟಿ ನೈಲಾನ್, ಮೂಳೆ ಇವುಗಳ ಸಾಲಿನಲ್ಲೇ ಒಣಗಿಸಿದ ಹಾಲಿನ ಚ್ಯೂಗಳನ್ನೂ ಸೇರಿಸಿ ಪಶು ದಂತವೈದ್ಯರು ಎಚ್ಚರಿಸುತ್ತಾ ಬಂದಿದ್ದಾರೆ. ಹೆಬ್ಬೆರಳಿನ ಉಗುರು ಒತ್ತಿದಾಗ ಗುರುತು ಮೂಡದ ವಸ್ತುವನ್ನು ನಾಯಿಗೆ ಕಡಿಯಲು ಕೊಡಬಾರದು ಎಂಬ ಸರಳ ಪರೀಕ್ಷೆಯನ್ನೂ ಅವರೇ ಹೇಳುತ್ತಾರೆ. ತಮ್ಮ ತುಂಡಿನ ಮೇಲೆ ಉಗುರಿನ ಗುರುತಿರಲಿ, ಅಡುಗೆಮನೆಯ ಚಾಕುವಿನ ಗುರುತೂ ಸರಿಯಾಗಿ ಮೂಡುವುದಿಲ್ಲ.

ಈ ವಿಷಯವನ್ನು ದೂರವಾಣಿಯಲ್ಲಿ ತಿಳಿಸಿದಾಗ ತಮ್ಮ ಸಿಬ್ಬಂದಿ, ಇದು ಸಂಪೂರ್ಣ ನೈಸರ್ಗಿಕ ಉತ್ಪನ್ನ, ನಾಯಿ ತೋಳದ ವಂಶದ್ದು, ಮೇಲ್ವಿಚಾರಣೆಯಲ್ಲಿ ಕೊಡಬೇಕಿತ್ತು ಎಂದರು. ಹಲ್ಲು ಸೀಳಿದಾಗ ನಾನು ನಾಯಿಯ ಪಕ್ಕದಲ್ಲೇ ಕುಳಿತಿದ್ದೆ. ಆ ಸದ್ದನ್ನೂ ಕೇಳಿದ್ದೇನೆ. ತುಂಡು ಗಂಟಲಿಗೆ ಸಿಕ್ಕದಂತೆ ಮೇಲ್ವಿಚಾರಣೆ ತಡೆದೀತೇ ವಿನಾ ಹಲ್ಲು ಮುರಿಯದಂತೆ ತಡೆಯಲಾರದು. ನೈಸರ್ಗಿಕ ಎನ್ನುವುದಾದರೆ ಕಲ್ಲೂ ನೈಸರ್ಗಿಕವೇ. ತೋಳದ ವಿಚಾರವಾಗಿ ಇಷ್ಟೇ ಹೇಳಬಹುದು: ಕಾಡಿನ ತೋಳಗಳ ಹಲ್ಲೂ ಮೂಳೆ ಕಡಿದು ಮುರಿಯುತ್ತವೆ, ಅವುಗಳಿಗೆ ಎಕ್ಸ್-ರೇ ತೆಗೆಯುವವರಿಲ್ಲ.

ದಂತಾರೋಗ್ಯದ ಭರವಸೆಗೆ ಆಧಾರ ಒದಗಿಸುವ ದಾರಿ ಇಲ್ಲವೆಂದೇನೂ ಇಲ್ಲ. ಅಮೆರಿಕದಲ್ಲಿ 1997ರಲ್ಲಿ ಆರಂಭವಾದ ವಿಒಎಚ್‌ಸಿ ಎಂಬ ಪಶುವೈದ್ಯಕೀಯ ದಂತಾರೋಗ್ಯ ಮಂಡಳಿಯು, ತಯಾರಕರು ನಡೆಸಿದ ಪ್ರಯೋಗಗಳ ಫಲಿತಾಂಶವನ್ನು ಪರಿಶೀಲಿಸಿ, ಪಾಚಿ ಕಡಿಮೆಯಾಗುವುದಕ್ಕೆ ಮತ್ತು ಟಾರ್ಟರ್ ಕಡಿಮೆಯಾಗುವುದಕ್ಕೆ ಪ್ರತ್ಯೇಕವಾಗಿ ತನ್ನ ಮುದ್ರೆ ನೀಡುತ್ತದೆ. ತಮ್ಮ ಪ್ಯಾಕೆಟ್ಟಿನಲ್ಲಿ ಅಂಥ ಮುದ್ರೆಯಿಲ್ಲ. ಬೇರೆ ಯಾವ ಪರೀಕ್ಷೆಯ ಉಲ್ಲೇಖವೂ ಇಲ್ಲ. ಒಂದು ತುಂಡಿನಲ್ಲಿ ಎಷ್ಟು ಕ್ಯಾಲರಿ ಎಂದೂ ಬರೆದಿಲ್ಲ. ದಿನದ ಆಹಾರದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಿನಿಸು ಬೇಡ ಎಂದು ಪಶುವೈದ್ಯರು ಹೇಳುತ್ತಾರೆ. 5 ಕಿಲೋ ತೂಕದ ನಾಯಿಗೆ ದಿನಕ್ಕೆ ಬೇಕಾಗುವುದೇ ಸುಮಾರು 350 ಕಿಲೋಕ್ಯಾಲರಿ. ಲೆಕ್ಕ ಹಾಕಲು ಗ್ರಾಹಕರಿಗೆ ಅಂಕಿಯಾದರೂ ಸಿಗಬೇಕಲ್ಲವೇ? ಕೊನೆಯಲ್ಲಿ ಉಳಿಯುವ ಚಿಕ್ಕ ತುಣುಕನ್ನು ನಾಯಿ ಇಡಿಯಾಗಿ ನುಂಗುವ ಮೊದಲೇ ಕಿತ್ತುಕೊಳ್ಳಬೇಕೆಂಬ ಸೂಚನೆಯೂ ಇಲ್ಲ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 84ನೇ ಕಲಮಿನ ಪ್ರಕಾರ, ಹಾನಿಯನ್ನು ತಪ್ಪಿಸಲು ಬೇಕಾದ ಬಳಕೆಯ ಸೂಚನೆ ಮತ್ತು ಎಚ್ಚರಿಕೆಯನ್ನು ಸಮರ್ಪಕವಾಗಿ ನೀಡದ ತಯಾರಕರು ಉತ್ಪನ್ನ ಹೊಣೆಗಾರಿಕೆಗೆ ಒಳಪಡುತ್ತಾರೆ. ಉತ್ಪನ್ನದ ಗುಣವನ್ನು ತಪ್ಪಾಗಿ ಬಣ್ಣಿಸುವುದು ಅದೇ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತು ಎನಿಸುತ್ತದೆ.

ಆದಕಾರಣ, ಲಗತ್ತಿಸಿದ ಬಿಲ್ಲುಗಳ ಪೂರ್ಣ ಮೊತ್ತವನ್ನೂ ಚ್ಯೂನ ಬೆಲೆಯನ್ನೂ ಮರುಪಾವತಿಸಬೇಕೆಂದು ಕೋರುತ್ತೇನೆ. ಪಾಚಿ ತೆಗೆಯುತ್ತದೆ ಎಂಬ ಮಾತಿಗೆ ಪ್ರಯೋಗದ ಆಧಾರವಿದ್ದರೆ ಅದರ ಪ್ರತಿಯನ್ನು ಕಳುಹಿಸಿ. ಇಲ್ಲವಾದರೆ ಆ ಮಾತನ್ನು ಪ್ಯಾಕೆಟ್ಟಿನಿಂದ ತೆಗೆಯಿರಿ. ಎಲ್ಲ ತಳಿಗೂ ಎಂಬ ಬರಹವನ್ನು ಕೈಬಿಟ್ಟು, ಹಲ್ಲು ಮುರಿಯುವ ಅಪಾಯ, ಕೊನೆಯ ತುಣುಕಿನ ಅಪಾಯ ಮತ್ತು ತುಂಡೊಂದರ ಕ್ಯಾಲರಿ ಪ್ರಮಾಣವನ್ನು ಕನ್ನಡದಲ್ಲಿಯೂ ಓದಲು ಆಗುವಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚುಹಾಕಿಸಿ. ಮೈಸೂರಿನ ಅಂಗಡಿಗಳಲ್ಲಿ ಈಗಾಗಲೇ ಇರುವ ದಾಸ್ತಾನಿಗೆ ಎಚ್ಚರಿಕೆಯ ಚೀಟಿ ಅಂಟಿಸುವ ಕೆಲಸ ಮಾತ್ರ ಮುಂದಿನ ಮುದ್ರಣದವರೆಗೆ ಕಾಯಬಾರದು. ದವಡೆ ಹಲ್ಲು ಸೀಳಿದರೂ ಎಷ್ಟೋ ನಾಯಿಗಳು ನೋವನ್ನು ತೋರಿಸಿಕೊಳ್ಳದೆ ಊಟ ಮಾಡುತ್ತಲೇ ಇರುತ್ತವೆ, ಮನೆಯವರಿಗೆ ಗೊತ್ತಾಗುವುದು ಕಣ್ಣಿನ ಕೆಳಗೆ ಬಾವು ಬಂದಾಗ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ. ಉತ್ತರ ಬಾರದಿದ್ದಲ್ಲಿ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಬಳಿಕ ಮೈಸೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದ ಮುಂದೆ ಹೋಗುತ್ತೇನೆ. ದೂರುದಾರರು ವಾಸಿಸುವ ಊರಿನಲ್ಲೇ ಪ್ರಕರಣ ಹೂಡಲು ಕಾಯ್ದೆಯಲ್ಲಿ ಅವಕಾಶವಿರುವುದರಿಂದ ತಮ್ಮ ಕಚೇರಿ ಬೇರೆ ರಾಜ್ಯದಲ್ಲಿರುವುದು ಇದಕ್ಕೆ ಅಡ್ಡಿಯಾಗದು. ಉಳಿದಿರುವ ಚ್ಯೂ ತುಂಡನ್ನೂ ಹಲ್ಲಿನ ಚೂರನ್ನೂ ಪ್ಯಾಕೆಟ್ಟಿನ ಸಮೇತ ತೆಗೆದಿರಿಸಿದ್ದೇನೆ; ತಮ್ಮ ಪ್ರತಿನಿಧಿ ಬಂದು ಪರಿಶೀಲಿಸಬಹುದು.

ತಮ್ಮ ವಿಶ್ವಾಸಿ,
ಗ್ರಾಹಕಿ, ಕುವೆಂಪುನಗರ, ಮೈಸೂರು