ಯಾರ ಮೂಟೆ ಅಂತ ಕೇಳಲು ಕಲಿಸಿದವರಿಗೆ

ಹೋದ ಶುಕ್ರವಾರ ಕೆಲಸದ ಪತ್ರ ಬಂತು. ಬೆಂಗಳೂರಿನ ಒಂದು ಆಡಿಟ್ ಸಂಸ್ಥೆ, ಮುಂದಿನ ತಿಂಗಳು ಸೇರಬೇಕು. ಅಮ್ಮ ಅದರ ಪ್ರಿಂಟ್ ತೆಗೆಸಿ ದೇವರ ಮುಂದಿಟ್ಟಿದ್ದಾರೆ. ಶುಭ ಹಾರೈಸಿದವರಿಗೆಲ್ಲ ಒಂದೊಂದು ಸಾಲಿನಲ್ಲಿ ಉತ್ತರ ಬರೆದೆ. ಮೂರ್ನಾಲ್ಕು ಜನರಿಗೆ ಮಾತ್ರ ಹಾಗೆ ಬರೆಯಲು ಮನಸ್ಸು ಬರಲಿಲ್ಲ.

ಇದಕ್ಕೂ ಮೊದಲು ಮೂರು ಸಂದರ್ಶನಗಳಲ್ಲಿ ಸೋತಿದ್ದೆ. ಮೊದಲನೆಯದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕಂಪನಿಯ ಬ್ಯಾಂಕ್ ಬ್ಯಾಲೆನ್ಸ್ ಸರಿಯಿದೆ ಅಂತ ಹೇಗೆ ನೋಡ್ತೀರಿ ಎಂದರು. ಹೊರಗಿನವರಿಂದ ದೃಢೀಕರಣ ಪಡೆಯುವ ಆಡಿಟ್ ಮಾನದಂಡ ಎಸ್‌ಎ 505ರ ಪ್ರಕಾರ ಬ್ಯಾಂಕಿನಿಂದ ದೃಢೀಕರಣ ಪತ್ರ ತರಿಸಿಕೊಳ್ತೇನೆ ಎಂದು ಗಿಳಿಪಾಠ ಒಪ್ಪಿಸಿದೆ. "ಆ ಪತ್ರವನ್ನು ಕಂಪನಿಯ ಅಕೌಂಟೆಂಟೇ ತಂದು ನಿಮ್ಮ ಕೈಗಿಟ್ಟರೆ?" "ಫೈಲಿಗೆ ಹಾಕ್ತೀನಿ ಸರ್." ಅವರು ಪೆನ್ನಿನ ಮುಚ್ಚಳ ಹಾಕಿದರು.

ಅವತ್ತು ರಾತ್ರಿ ಅತ್ತುಕೊಂಡೇ ಫೋನ್ ಮಾಡಿದ್ದು ಮೈಸೂರಿನಲ್ಲಿರುವ ನನ್ನ ಹಾಸ್ಟೆಲ್ ಗೆಳತಿಗೆ. ಆಮೇಲೆ ಆರು ವಾರ, ದಿನಾ ಒಂಬತ್ತೂವರೆಗೆ, ಆಫೀಸಿನಿಂದ ದಣಿದು ಬಂದ ಮೇಲೂ ಅವಳು ನನ್ನನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದಳು. ಮೊದಲ ದಿನ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಕಥೆ ಹೇಳಿದಳು. 2009ರ ಜನವರಿಯಲ್ಲಿ ಅದರ ಅಧ್ಯಕ್ಷ ರಾಮಲಿಂಗ ರಾಜು ತಾವೇ ಬರೆದ ಪತ್ರದಲ್ಲಿ, ಪುಸ್ತಕದಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಹಣ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡಿದ್ದರು. "ಪತ್ರ ನೀನೇ ಕಳಿಸಬೇಕು, ಉತ್ತರ ನೇರ ನಿನಗೇ ಬರಬೇಕು. ನಡುವೆ ಕಂಪನಿಯವರ ಕೈ ಆಡಬಾರದು, ತಿಳೀತಾ?" ಆಡಿಟರ್ ತನ್ನ ವರದಿಯಲ್ಲಿ ಏನೇನು ಹೇಳಬೇಕೆಂದು ತಿಳಿಸುವ ಸರ್ಕಾರಿ ಆದೇಶ ಕಾರೋ 2020ರ 21 ಕಲಮುಗಳನ್ನು ನಾನು ಉರು ಹೊಡೆದಿದ್ದೆ. ಅದನ್ನು ಒಪ್ಪಿಸಲು ಅವಳು ಬಿಡಲೇ ಇಲ್ಲ. ಒಂದು ಕಲಮು ಹಿಡಿದು, ಇದಕ್ಕೆ ಯಾವ ಕಾಗದ ಕೇಳ್ತೀಯ, ಯಾರನ್ನ ಕೇಳ್ತೀಯ, ಕೊಡದಿದ್ರೆ ಏನ್ಮಾಡ್ತೀಯ ಎಂದು ಬೆನ್ನು ಹತ್ತುತ್ತಿದ್ದಳು. ಅವಳ ಮೇಲೆ ಎರಡು ಸಲ ರೇಗಿ ಫೋನ್ ಇಟ್ಟಿದ್ದೇನೆ. ತಪ್ಪಾಯ್ತು ಕಣೇ.

ಇನ್ನೊಬ್ಬರು ಶಿವಮೊಗ್ಗದ ಅಡಿಕೆ ಮಂಡಿಯೊಂದರ ಗುಮಾಸ್ತರು. ಆರ್ಟಿಕಲ್‌ಶಿಪ್‌ನ, ಅಂದರೆ ಸಿಎ ಓದುವವರು ಆಡಿಟರ ಕೈಕೆಳಗೆ ಮಾಡುವ ತರಬೇತಿಯ ಮೊದಲ ವರ್ಷ, ಮಾರ್ಚ್ 31ರ ಬಿಸಿಲಲ್ಲಿ ದಾಸ್ತಾನು ಎಣಿಸಲು ಆ ಆಡಿಟರು, ನಮ್ಮ ಸರ್, ನನ್ನನ್ನು ಅಲ್ಲಿಗೆ ಕಳಿಸಿದ್ದರು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ಬಗೆಗಳಲ್ಲಿ ಒಂದೂ ಗೊತ್ತಿಲ್ಲದವಳು ಮಧ್ಯಾಹ್ನದವರೆಗೆ ಮೂಟೆ ಎಣಿಸಿ, ಬೆವರೊರೆಸಿಕೊಂಡು ಹೆಮ್ಮೆಯಿಂದ ಲೆಕ್ಕ ತೋರಿಸಿದೆ. ಅವರು ನಕ್ಕರು. "ಎಣಿಸಿದ್ರೆ ಆಯ್ತೇನಮ್ಮ? ಯಾರ ಮೂಟೆ ಅಂತ ಕೇಳ್ಬೇಡ್ವಾ?" ಅರ್ಧಕ್ಕಿಂತ ಹೆಚ್ಚು ಮೂಟೆ ರೈತರದ್ದು, ರೇಟು ಏರಲಿ ಅಂತ ಮಂಡಿಯಲ್ಲಿ ಬಿಟ್ಟು ಹೋಗಿದ್ದರು. ಕಣ್ಣೆದುರಿಗಿವೆ, ಮಂಡಿಯವರ ಆಸ್ತಿಯಲ್ಲ. ಇರುವಿಕೆ ಬೇರೆ, ಒಡೆತನ ಬೇರೆ ಎಂದು ಪುಸ್ತಕದಲ್ಲಿ ಓದಿದ್ದೆ. ಅರ್ಥವಾದದ್ದು ಆ ಗೋದಾಮಿನ ಧೂಳಿನಲ್ಲಿ.

ಈ ಸಲದ ಸಂದರ್ಶನದಲ್ಲಿ ದಾಸ್ತಾನಿನ ಪ್ರಶ್ನೆಯೇ ಬಂತು. ದಾಸ್ತಾನಿನ ಆಡಿಟ್ ಬಗ್ಗೆಯೂ ಹೇಳುವ ಮಾನದಂಡ ಎಸ್‌ಎ 501 ಎಂದು ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿ, ಮಂಡಿಯ ಕಥೆ ಹೇಳಿದೆ. ರೈತರ ಮೂಟೆಗಳನ್ನು ಚೀಟಿ ನೋಡಿ ಬೇರೆ ಮಾಡಿದ್ದು, ಖಾತೆ ಪುಸ್ತಕದ ಜೊತೆ ತಾಳೆ ನೋಡಿದ್ದು, ಎರಡು ಮೂಟೆ ಯಾರದ್ದೆಂದು ಸಂಜೆಯವರೆಗೂ ಗೊತ್ತಾಗದೆ ಹಾಗೆಂದೇ ಬರೆದುಕೊಂಡು ಬಂದದ್ದು. ಮೇಜಿನ ಆಚೆ ಇದ್ದ ಮೇಡಂ ಮುಂದಕ್ಕೆ ಬಾಗಿ, "ಗೊರಬಲು ಅಂದ್ರೇನು?" ಎಂದು ಕೇಳಿದರು. ಆಗ ಸ್ವಲ್ಪ ಧೈರ್ಯ ಬಂತು.

ನಮ್ಮ ಸರ್‌ಗೂ ಇಲ್ಲೇ ಒಂದು ನಮಸ್ಕಾರ. ಮೂರು ವರ್ಷ ಬೈದರು, ಆದರೆ ನೋಡದ ವೋಚರಿಗೆ ಟಿಕ್ ಹಾಕಲು ಒಮ್ಮೆಯೂ ಬಿಡಲಿಲ್ಲ. ರಾಜಾಜಿನಗರದ ಚಿಕ್ಕಮ್ಮ ನಾಲ್ಕು ಸಲವೂ ಬೆಳಗ್ಗೆ ಐದಕ್ಕೆ ಎದ್ದು ದೋಸೆ ಹಾಕಿಕೊಟ್ಟರು. ಸೋತು ಬಂದ ಮೂರು ಸಂಜೆಯೂ ಏನಾಯ್ತು ಅಂತ ಕೇಳಲಿಲ್ಲ.

ಮೊನ್ನೆ ಸಿಹಿ ಹಿಡಿದು ಮಂಡಿಗೆ ಹೋಗಿದ್ದೆ. ಗುಮಾಸ್ತರು ಪೇಡೆ ಬಾಯಿಗೆ ಹಾಕಿಕೊಂಡು, "ಸಂಬಳ ಎಷ್ಟು? ಕೈಗೆ ಬರೋದು ಎಷ್ಟು?" ಎಂದರು. ಪತ್ರ ತೋರಿಸಿದೆ. ಕನ್ನಡಕ ಏರಿಸಿ, ಕೊನೆಯ ಹಾಳೆಯ ಅಂಕಿಗಳ ಮೇಲೆ ಬೆರಳಿಟ್ಟುಕೊಂಡು ಒಂದೊಂದನ್ನೇ ಕೂಡಿ, "ಟೋಟಲ್ ಸರಿ ಇದೆ" ಎಂದು ವಾಪಸ್ ಕೊಟ್ಟರು.